ಕಾದಂಬರಿಯ ಹೆಸರು ನೋಡಿದ ಕೂಡಲೇ ಒಳಗೆ ಏನಿರುತ್ತೆ ಅಂದುಕೊಳ್ತೀರಿ?

ಅಂತರಗಂಗೆ (ಕೋಲಾರ)

ಪಿಯುಸಿ ಮಕ್ಕಳಿಗೆ ಕನ್ನಡ ಟ್ಯೂಷನ್ ಹೇಳೋಳು ನಾನು. ಪೋರ್ಷನ್ ಮುಗಿದಿತ್ತು, ಪರೀಕ್ಷೆಗೆ ಇನ್ನೂ ಟೈಮ್ ಇತ್ತು, ಒಂದು ಆಟ ಆಡಿಸಿದೆ. ಚೀಟಿ ಮೇಲೆ ಒಂದೊಂದು ಕಾದಂಬರಿ ಹೆಸರು ಬರೆದು ಕೊಟ್ಟು, "ಬರೆದೋರು ಯಾರು ಅಂತ ಕೇಳ್ತಿಲ್ಲ, ಒಳಗೆ ಏನಿರುತ್ತೆ ಹೇಳಿ" ಅಂದೆ. ಅವರು ಯಾರೂ ಓದಿರದ ಪುಸ್ತಕಗಳನ್ನೇ ಆರಿಸಿದ್ದೆ.

'ಶಿಕಾರಿ' ಸಿಕ್ಕ ಹುಡುಗ ಥಟ್ ಅಂತ ಹೇಳಿದ: ಕಾಡು, ಕೋವಿ, ಹುಲಿ, ಕೊನೇಲಿ ಬೇಟೆಗಾರನೇ ಸಾಯ್ತಾನೆ. 'ಗೃಹಭಂಗ' ಸಿಕ್ಕವಳು "ಅಣ್ಣತಮ್ಮಂದಿರ ಪಾಲು, ಕೋರ್ಟು, ಮಿಸ್" ಅಂದಳು. ಅವರ ಮನೇಲಿ ಈಗ ಅದೇ ನಡೀತಿದೆ. 'ಸಂಸ್ಕಾರ'ಕ್ಕೆ ಬಂದ ಉತ್ತರ, "ದೊಡ್ಡವರಿಗೆ ಮರ್ಯಾದೆ ಕೊಡಬೇಕು ಅನ್ನೋ ಥರ ನೀತಿಪಾಠ". 'ಕರ್ವಾಲೊ' ಅಂದಾಗ ಎಲ್ಲರೂ ನಕ್ಕರು. ಶೂ ಕಂಪನಿ ಅಂತ ಒಬ್ಬ, ಫುಟ್‌ಬಾಲ್ ಪ್ಲೇಯರ್ ಅಂತ ಇನ್ನೊಬ್ಬ. 'ಚೋಮನ ದುಡಿ'ಗೆ ಒಬ್ಬ ಹೇಳಿದ್ದು ಇನ್ನೂ ಕಿವೀಲಿದೆ: "ಚೋಮ ಅನ್ನೋನು ಬೆಳಗಿಂದ ರಾತ್ರಿವರೆಗೂ ದುಡೀತಾನೆ ಮಿಸ್." ನಮ್ಮ ಕಡೆ ತಮಟೆ ಕೇಳಿ ಬೆಳೆದ ಹುಡುಗನಿಗೆ ಆ ಕಡೆಯ ದುಡಿ ಹೇಗೆ ಗೊತ್ತಾಗಬೇಕು? ಆದರೂ ಅವನು ಗುರಿ ತಪ್ಪಿಲ್ಲ. ಕಾಫಿ ತೋಟದ ಸಾಲ ತೀರಿಸೋಕೆ ಮಕ್ಕಳನ್ನ ಆ ತೋಟಕ್ಕೇ ಕಳಿಸಿದವನ ಕಥೆ ತಾನೇ ಅದು.

ಆಟ ಅಲ್ಲಿಗೆ ಮುಗೀತು ಅಂದುಕೊಂಡಿದ್ದೆ. 'ಶಿಕಾರಿ' ಹುಡುಗ ಪುಸ್ತಕ ಕೇಳಿ ಇಸ್ಕೊಂಡು ಹೋದ. ವಾಪಸ್ ತಂದಾಗ ಹೇಳಿದ: "ಬರೀ ಬಾಂಬೆ ಆಫೀಸು ಮಿಸ್, ಬರೀ ಫೋನು, ಬರೀ ಲೆಟರು. ಆದ್ರೆ ಯಾರಾದ್ರೂ ಬೆಲ್ ಮಾಡಿದ್ರೆ ಎದೆ ಧಸಕ್ ಅನ್ನುತ್ತೆ." ಅಲ್ಲಿಂದ ನನ್ನ ತಲೇಲಿ ಇದೇ ಕೊರೀತಿದೆ. 1979ರಲ್ಲಿ ಚಿತ್ತಾಲರು ಅದಕ್ಕೆ 'ಅಧಿಕಾರಿ' ಅಂತಲೋ 'ಅಮಾನತು' ಅಂತಲೋ ಹೆಸರಿಟ್ಟಿದ್ದರೆ ಆ ಹುಡುಗನ ಎದೆ ಧಸಕ್ ಅಂತಿತ್ತಾ? ಹೆಸರು ಕಥೆ ಏನು ಅಂತ ಹೇಳೋದಿಲ್ಲ, ಓದುಗ ಯಾವುದಕ್ಕೆ ಕಾಯಬೇಕು ಅಂತ ಹೇಳುತ್ತೆ ಅನ್ನೋದು ನನ್ನ ಅನಿಸಿಕೆ. ಹುಲಿಗೆ ಅಂತ ಕಾದು ಕೂತವನಿಗೆ ಆಫೀಸಿನ ಜವಾನ ಬಂದರೂ ಪೊದೆ ಅಲ್ಲಾಡಿದ ಹಾಗಿರುತ್ತೆ.

ನಿಮ್ಮದು ಹೇಳಿ. ಹೆಸರು ನೋಡಿ ಒಂದು ಅಂದುಕೊಂಡು ಒಳಗೆ ಇನ್ನೊಂದು ಸಿಕ್ಕಿದ್ದು, ಇಲ್ಲಾ ಹೆಸರು ನೋಡಿಯೇ ಪಕ್ಕಕ್ಕಿಟ್ಟಿದ್ದು, ಏನಿದ್ದರೂ ಸರಿ.

ಕ್ಯಾಲಿಕೋ ಬೈಂಡ್ (ಬಂಗಾರಪೇಟೆ)

ಮೇಡಂ, ಗ್ರಂಥಾಲಯದಲ್ಲಿ ಕೆಲಸ ಮಾಡಿ ರಿಟೈರ್ ಆದೋನು ನಾನು. ನಿಮ್ಮ ಚೀಟಿ ಆಟವನ್ನ ಸರ್ಕಾರದ ಖರ್ಚಲ್ಲಿ ದಿನಾ ಆಡಿದೀನಿ.

ಕಾದಂಬರಿ ಅಂದ್ರೆ ಕೈಯಿಂದ ಕೈಗೆ ಓಡಾಡೋ ಮಾಲು. ಸ್ವಲ್ಪ ದಿನಕ್ಕೇ ಮುಖಪುಟ ಕಿತ್ತು ಬರೋದು. ಬೈಂಡಿಂಗಿಗೆ ಹೋಗಿ ಬಂದ್ರೆ ಎಲ್ಲಾ ಒಂದೇ ಥರ: ದಪ್ಪ ರಟ್ಟು, ಮೇಲೆ ಕಂದು ಇಲ್ಲಾ ಹಸಿರು ಕ್ಯಾಲಿಕೋ ಬಟ್ಟೆ, ಬೆನ್ನ ಮೇಲೆ ಒಂದು ಬಿಳಿ ಚೀಟಿ, ಅದರಲ್ಲಿ ಇಂಕಲ್ಲಿ ಬರೆದ ಹೆಸರು, ನಂಬರು. ಚಿತ್ರ ಇಲ್ಲ, ಬೆನ್ನುಡಿ ಇಲ್ಲ, ಲೇಖಕರ ಫೋಟೋ ಇಲ್ಲ. ಸಾಲಲ್ಲಿ ನಿಂತು ಕತ್ತು ವಾರೆ ಮಾಡಿ ಬೆನ್ನು ಓದ್ತಾ ಹೋಗೋರಿಗೆ ಕಾಣೋದು ಆ ಎರಡು ಅಕ್ಷರವೇ.

ಇನ್ನೊಂದು ತಮಾಷೆ ಇದೆ. ಚೀಟಿ ಸಣ್ಣದು, ಹೆಸರು ಉದ್ದ ಇದ್ರೆ ಬೈಂಡರ್ ಕತ್ತರಿಸಿಬಿಡೋನು. 'ತಬ್ಬಲಿಯು ನೀನಾದೆ ಮಗನೆ' ನಮ್ಮಲ್ಲಿ ಬರೀ 'ತಬ್ಬಲಿಯು'. ಅನಾಥ ಮಗುವಿನ ಕಥೆ, ಕರ್ಚೀಫ್ ಒದ್ದೆ ಆಗುತ್ತೆ ಅಂತ ಒಯ್ದು ಮಾರನೇ ದಿನವೇ ತಂದಿಟ್ಟೋರು ಇದ್ದಾರೆ. ಪೂರ್ತಿ ಹೆಸರಿದ್ದಿದ್ರೆ ಯಾರಿಗೂ ಏನೂ ಹೇಳೋದು ಬೇಕಿರಲಿಲ್ಲ. ಪುಣ್ಯಕೋಟಿ ಕರುವಿಗೆ ಹೇಳೋ ಮಾತು ಅಂತ ಎರಡನೇ ಕ್ಲಾಸಿನ ಮಗುವಿಗೂ ಗೊತ್ತು. ಅಮೆರಿಕಕ್ಕೆ ಹೋಗಿ ಬಂದ ಮಗ, ಊರ ಹಸುಗಳು, ಮನೆಯ ಜಗಳ ಇವೆಲ್ಲ ಶುರುವಾಗೋ ಮುಂಚೇನೇ ಹೆಸರು ಯಾರ ಪರ ಅಳಬೇಕು ಅಂತ ಕಿವೀಲಿ ಹೇಳಿಬಿಟ್ಟಿರುತ್ತೆ. ಅರ್ಧ ಕತ್ತರಿಸಿದ್ರೆ ಅದೂ ಹೋಯ್ತು.

ತರಾಸು ಅವರದ್ದು ಕೇಳಿ. 1972ರ 'ನಾಗರಹಾವು' ಸಿನಿಮಾ ಅವರ ಮೂರು ಕಾದಂಬರಿ ಸೇರಿಸಿ ಮಾಡಿದ್ದು: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಮೊದಲನೇದಕ್ಕೆ ತಾರೀಕು ಒತ್ತೋ ಸ್ಲಿಪ್ ತುಂಬಿ ಅದರ ಮೇಲೆ ಇನ್ನೊಂದು, ಮತ್ತೊಂದು ಅಂಟಿಸ್ತಾ ಹೋದೆವು. 'ಸರ್ಪಮತ್ಸರ'ದ ಸ್ಲಿಪ್ ಹೆಚ್ಚುಕಮ್ಮಿ ಬಿಳೀ ಹಾಳೆ. ಅದೇ ಕಥೆ ಸ್ವಾಮಿ, ಅದೇ ರಾಮಾಚಾರಿ! ಹೆಸರು ಪರದೆ ಮೇಲೆ ಬರಲಿಲ್ಲ, ಅಷ್ಟೇ.

ಟಮಕ ಟೀ ಸ್ಟಾಲ್

ಎಲ್ಲಾ ಸರಿ ಮಿಸ್, ಆದ್ರೆ ನೀವು ಆಟದಲ್ಲಿ ಮುಖ್ಯವಾದದ್ದನ್ನೇ ಮುಚ್ಚಿಟ್ಟಿದೀರಿ. ಲೇಖಕರ ಹೆಸರು. ಪುಸ್ತಕದಂಗಡಿಗೆ ಹೋಗಿ ಯಾರಾದ್ರೂ "ಒಳ್ಳೇ ಹೆಸರಿರೋ ಕಾದಂಬರಿ ಕೊಡಿ" ಅಂತಾರಾ? "ಭೈರಪ್ಪನವರದ್ದು ಕೊಡಿ", "ತೇಜಸ್ವಿದು ಇದೆಯಾ" ಅಂತಾರೆ. 'ದಾಟು', 'ಸಾರ್ಥ', 'ಮಂದ್ರ', 'ಕವಲು', ಇವೆಲ್ಲ ಹೊಸ ಹುಡುಗನೊಬ್ಬ ಇಟ್ಟ ಹೆಸರಾಗಿದ್ರೆ ಯಾರು ಮುಟ್ಟೋರು? ಮುಖಪುಟದಲ್ಲಿ ಯಾರ ಹೆಸರು ದೊಡ್ಡ ಅಕ್ಷರದಲ್ಲಿರುತ್ತೆ ನೋಡಿ, ಪ್ರಕಾಶಕರಿಗೆ ಲೆಕ್ಕ ಗೊತ್ತು.

ಅಂತರಗಂಗೆ (ಕೋಲಾರ)

ಕೈಗೆತ್ತಿಕೊಳ್ಳೋದು ಲೇಖಕರ ಹೆಸರಿಂದ, ಒಪ್ಪಿದೆ. ನಾನು ಕೇಳ್ತಿರೋದು ಎತ್ತಿಕೊಂಡ ಮೇಲಿನ ಮಾತು. ತೇಜಸ್ವಿ ಅಂತ ಗೊತ್ತಿದ್ದೂ 'ಕರ್ವಾಲೊ' ಓದೋವಾಗ ಆ ಮನುಷ್ಯನ ಮೇಲೇ ಕಣ್ಣಿಟ್ಟು ಕೂರ್ತೀವಿ. ಮಂದಣ್ಣ, ಪ್ಯಾರ, ಕಿವಿ, ಎಲ್ಲರೂ ಬಂದು ಹೋದರೂ ಇವನು ಯಾವಾಗ ಬಾಯಿ ಬಿಡ್ತಾನೆ ಅಂತ ಕಾಯ್ತೀವಿ. ಅವರೆಲ್ಲ ಕಾಡಲ್ಲಿ ಹುಡುಕೋ 'ಹಾರುವ ಓತಿ'ಯ ಹೆಸರನ್ನೇ ಇಟ್ಟಿದ್ದರೆ ಮೊದಲ ಪುಟದಿಂದ ಮರ ನೋಡ್ತಾ ಇರ್ತಿದ್ವಿ. 'ಜುಗಾರಿ ಕ್ರಾಸ್'ಗೆ ಬಂದರೆ ಅದೇ ಲೇಖಕರು, ಆದ್ರೆ ಯಾವುದೋ ಬಸ್‌ಸ್ಟಾಪಲ್ಲಿ ಇಳಿದು ನಿಂತ ಹಾಗೆ ಓದ್ತೀವಿ, ಎಲ್ಲರ ಮೇಲೂ ಅನುಮಾನ.

ಟಮಕ ಟೀ ಸ್ಟಾಲ್

ಬಸ್‌ಸ್ಟಾಪ್ ವಿಷಯ ಒಪ್ಪಿದೆ. ನಮ್ಮ ಹೈವೇ ತುಂಬಾ 'ಗೇಟು', 'ಕ್ರಾಸು'ಗಳೇ. ಬಾಕಿದ್ದು ಒಪ್ಪಲ್ಲ.

ನಿವೃತ್ತ ಮೇಷ್ಟ್ರು (ಮಾಲೂರು)

ಹಳೆಯ ಹೆಸರುಗಳನ್ನು ಒಮ್ಮೆ ನೋಡಿದರೆ ನಿಮ್ಮಿಬ್ಬರ ಜಗಳ ಎಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತದೆ. 1899ರಲ್ಲಿ ಗುಲ್ವಾಡಿ ವೆಂಕಟರಾಯರು ಬರೆದ ಸಾಮಾಜಿಕ ಕಾದಂಬರಿಯ ಪೂರ್ತಿ ಹೆಸರು 'ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯವು'. ಗೆಲ್ಲುವವರು ಯಾರೆಂದು ರಟ್ಟಿನ ಮೇಲೆಯೇ ತೀರ್ಪು. 1915ರಲ್ಲಿ ಎಂ.ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹಾರಾಯ' ಬಂತು, ಅಲ್ಲಿ ಗಾದೆಯೇ ತೀರ್ಪು ಕೊಡುತ್ತದೆ. ಆಗ ಕಾದಂಬರಿ ಓದುವುದೆಂದರೆ ಹಾಳಾಗುವುದು ಎಂದು ಮನೆಯ ಹಿರಿಯರು ತಿಳಿದಿದ್ದ ಕಾಲ. ಹೆಸರೇ ಮುಂದೆ ನಿಂತು "ಹೆದರಬೇಡಿ, ಒಳಗೆ ಧರ್ಮವೇ ಇದೆ" ಎಂದು ಜಾಮೀನು ಕೊಡಬೇಕಾಗಿತ್ತು.

ನಮ್ಮ ಮಾಸ್ತಿಯವರ ಹತ್ತಿರ ಬನ್ನಿ. 'ಚಿಕವೀರ ರಾಜೇಂದ್ರ' ಕೊಡಗಿನ ಕೊನೆಯ ರಾಜನ ಕಥೆ. 1834ರಲ್ಲಿ ಇಂಗ್ಲಿಷರು ಆತನನ್ನು ಇಳಿಸಿದರು. ತರಾಸು ಅವರ 'ದುರ್ಗಾಸ್ತಮಾನ' ಚಿತ್ರದುರ್ಗದ ಕೊನೆಯ ನಾಯಕನ ಕಥೆ. 1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು. ವಸ್ತು ಒಂದೇ: ಒಬ್ಬ ದೊರೆ, ಒಂದು ನಾಡು, ಎರಡರ ಪತನ. ತರಾಸು ಸೂರ್ಯ ಮುಳುಗುವುದನ್ನು ಹೆಸರಿನಲ್ಲೇ ಹೇಳಿಬಿಟ್ಟರು. ಆದ್ದರಿಂದ ಮದಕರಿ ಗೆದ್ದಾಗಲೆಲ್ಲ ನಮಗೆ ಸಂಕಟ, ಈ ಗೆಲುವು ಎಷ್ಟು ದಿನ ಎಂದು. ಮಾಸ್ತಿಯವರು ಬರಿಯ ಹೆಸರು ಇಟ್ಟು ಸುಮ್ಮನಾದರು. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ, ಮುನ್ಸೂಚನೆಯೂ ಇಲ್ಲ. ಆ ರಾಜ ಎಷ್ಟು ಕ್ರೂರಿಯಾದರೂ ಈಗ ತಿದ್ದಿಕೊಳ್ಳಬಹುದು, ರಾಣಿಯ ಮಾತು ಕೇಳಬಹುದು ಎಂದು ಓದುಗ ಬಹಳ ದೂರ ಆಸೆ ಇಟ್ಟುಕೊಂಡೇ ನಡೆಯುತ್ತಾನೆ. ಎರಡೂ ಪುಸ್ತಕದಲ್ಲಿ ಚರಿತ್ರೆ ಗೊತ್ತಿದ್ದವನಿಗೆ ಕೊನೆ ಗೊತ್ತು. ಆದರೂ ಒಂದರಲ್ಲಿ ದುಃಖ ಮೊದಲಿಂದ ಇದೆ, ಇನ್ನೊಂದರಲ್ಲಿ ತಡವಾಗಿ ಬರುತ್ತದೆ. ಈ ವ್ಯತ್ಯಾಸದಲ್ಲಿ ಅರ್ಧ ಪಾಲು ಹೆಸರಿನದು ಎಂದು ನನ್ನ ವಾದ.

ಕಾದಂಬರಿಯಲ್ಲದಿದ್ದರೂ ಒಂದು ಮಾತು: ನಮ್ಮ ಮುಳಬಾಗಿಲಿನ ಡಿವಿಜಿ 'ಮಂಕುತಿಮ್ಮನ ಕಗ್ಗ' ಎಂದು ಕರೆದರಲ್ಲ, ಅದಕ್ಕೆ 'ಜೀವನ ದರ್ಶನ' ಎಂದಿಟ್ಟಿದ್ದರೆ ಇಷ್ಟು ಮನೆಗಳಿಗೆ ಹೋಗುತ್ತಿತ್ತೆ?

ಮುಳಬಾಗಿಲು ದೋಸೆ

ಮೇಷ್ಟ್ರೇ ನಮಸ್ಕಾರ. ಡಿವಿಜಿ ನಮ್ಮೂರೋರು ಅಂತ ನೆನೆಸಿದ್ದಕ್ಕೆ ಒಂದು ದೋಸೆ ಬಾಕಿ.

ನಮ್ಮ ಮನೇಲಿ ಮಾತು ತೆಲುಗು, ಓದು ಕನ್ನಡ. ಈ ಕಡೆ ಅರ್ಧ ಜನ ಹೀಗೇ. ಅವ್ವನಿಗೆ ಕಣ್ಣು ಮಂದ ಆದ ಮೇಲೆ ಸಂಜೆ ದೀಪ ಹಚ್ಚಿ ನನ್ನ ಕೈಲಿ ಏನಾದ್ರೂ ಓದಿಸೋರು, ರಾಮಾಯಣ, ಭಕ್ತವಿಜಯ, ಹೀಗೆ. ಒಂದಿನ ಮಾಮ ಯಾವುದೋ ಪುಸ್ತಕ ತಂದು ಹಾಕಿದ್ರು, ಹೆಸರು 'ತುಳಸಿದಳ'. ಅವ್ವ ಕೇಳಿ ಕೈಮುಗಿದು, "ಒಳ್ಳೇದಾಯ್ತು, ಇದನ್ನೇ ಓದು ಬಂಗಾರು" ಅಂದ್ರು. ಯಂಡಮೂರಿ ವೀರೇಂದ್ರನಾಥರದ್ದು! ತೆಲುಗಿಂದ ಕನ್ನಡಕ್ಕೆ ಬಂದಿದ್ದು. ಮಾಟ, ಮಂತ್ರವಾದಿ, ಕಾಷ್ಮೋರ ಅನ್ನೋ ದುಷ್ಟಶಕ್ತಿ. ತುಳಸಿ ಅನ್ನೋದು ಒಂದು ಪುಟ್ಟ ಹುಡುಗಿ ಹೆಸರು. ನಾನು ಓದ್ತಾ ಓದ್ತಾ ದನಿ ಸಣ್ಣ ಮಾಡ್ಕೊಂಡೆ. ಅವ್ವ ಈಗ ದೇವರು ಬರ್ತಾನೆ, ಈಗ ಬರ್ತಾನೆ ಅಂತ ಕಾಯ್ತಾ ಕೂತಿದ್ರು. ಆಮೇಲೆ ಅಂಗಳದ ತುಳಸಿಕಟ್ಟೆಗೆ ಕತ್ತಲಾದ ಮೇಲೆ ದೀಪ ಇಡೋಕೆ ನನ್ನನ್ನ ಕಳಿಸಿದ್ರೆ ನಾನು ಹೋಗ್ತಿರಲಿಲ್ಲ.

ಪುಸ್ತಕಕ್ಕೆ 'ಮಾಟಗಾರ' ಅಂತ ಇದ್ದಿದ್ರೆ ನಾನು ಅಷ್ಟು ಹೆದರ್ತಿರಲಿಲ್ಲ, ಆಣೆ. ಹೆದರೋಕೆ ರೆಡಿಯಾಗಿ ಕೂತಿರ್ತಿದ್ದೆ. ಇಲ್ಲಿ ಪೂಜೆ ಬಟ್ಟೆ ಉಟ್ಟುಕೊಂಡು ಭಯ ಮನೆಯೊಳಗೆ ಬಂತು. ಇದು 1985ರಲ್ಲಿ ಕನ್ನಡ ಸಿನಿಮಾನೂ ಆಯ್ತು, ನಿರ್ದೇಶಕರು ವೇಮಗಲ್ ಜಗನ್ನಾಥರಾವ್. ಹೆಸರಲ್ಲಿರೋ ವೇಮಗಲ್ ನಮ್ಮ ಕೋಲಾರದ್ದೇ, ನೋಡಿದ್ರಲ್ಲ!

ಕ್ಯಾಲಿಕೋ ಬೈಂಡ್ (ಬಂಗಾರಪೇಟೆ)

ನಮ್ಮಲ್ಲಿ 'ತುಳಸಿದಳ'ವನ್ನ ಯಾರೋ ಪುಣ್ಯಾತ್ಮ ಧಾರ್ಮಿಕ ವಿಭಾಗದ ಸಾಲಲ್ಲಿ ಜೋಡಿಸಿಟ್ಟಿದ್ದ. ಬಹಳ ದಿನ ಅಲ್ಲೇ ಇತ್ತು, ಬಹಳ ಚೆನ್ನಾಗಿ ಓಡ್ತಿತ್ತು.

ಹೂವಿನ ಮಾರ್ಕೆಟ್ (ಚಿಕ್ಕಬಳ್ಳಾಪುರ)

ಹೆಸರು ನೋಡಿಯೇ ಪಕ್ಕಕ್ಕಿಡೋ ವಿಷಯಕ್ಕೆ ಬರ್ತೀನಿ. ನಮ್ಮಮ್ಮ ತ್ರಿವೇಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ ಎಲ್ಲಾ ಓದಿದವರು. ಅಪ್ಪ ದೊಡ್ಡ ಸಾಹಿತ್ಯ ಓದೋರು, ಅಮ್ಮನ ಪುಸ್ತಕ ನೋಡಿ ನಗೋರು: "ಬೆಳ್ಳಿ ಆಯ್ತು, ಮೋಡ ಆಯ್ತು, ಹೂವಾಯ್ತು, ಹೊಂಬಿಸಿಲಾಯ್ತು. ಇನ್ನೇನು ಉಳೀತು, ಮಂಜು?" ಹೆಸರು ಮೃದುವಾಗಿದ್ರೆ ಒಳಗಿರೋದೂ ಮೆತ್ತಗೆ, ಹೆಂಗಸರಿಗೆ ಮಧ್ಯಾಹ್ನದ ಹೊತ್ತು ಕಳೆಯೋಕೆ ಅಂತ ಲೆಕ್ಕ. ಬರೀ ಅಪ್ಪ ಅಲ್ಲ, ವಿಮರ್ಶೆ ಬರೆಯೋರೂ ಹಾಗೇ ಅಂದರಲ್ಲ, ಅಡುಗೆಮನೆ ಸಾಹಿತ್ಯ ಅಂತ.

ನಾನು ಮೊದಲು ತೆಗೆದದ್ದು ತ್ರಿವೇಣಿಯವರ 'ಬೆಕ್ಕಿನ ಕಣ್ಣು'. ಮೆತ್ತಗೆ? ಓದಿ ಎರಡು ದಿನ ನಿದ್ದೆ ಬರಲಿಲ್ಲ, ಮನಸ್ಸಿನೊಳಗಿನ ಭಯವನ್ನ ಆಯಮ್ಮ ಅಷ್ಟು ಹತ್ತಿರದಿಂದ ಬರೀತಾರೆ. ಅವರದ್ದೇ 'ಶರಪಂಜರ' ಹೆರಿಗೆ ಆದ ಮೇಲೆ ಮನಸ್ಸು ಕೆಟ್ಟ ಹೆಣ್ಣಿನ ಕಥೆ. ವಾಸಿಯಾಗಿ ಮನೆಗೆ ಬಂದರೂ ಯಾರೂ ಅವಳನ್ನ ಮೊದಲಿನ ಥರ ನೋಡಲ್ಲ. ಬಾಣಗಳ ಪಂಜರ ಅನ್ನೋದಕ್ಕಿಂತ ಖಚಿತವಾದ ಹೆಸರು ಅದಕ್ಕೆ ಇಲ್ಲ. ಆದ್ರೆ ಬರೆದೋರು ಹೆಂಗಸು, ಓದೋರು ಹೆಂಗಸರು, ಹೀಗಾಗಿ ಹೆಸರಲ್ಲಿನ ಬಾಣ ಯಾರಿಗೂ ಕಾಣಲಿಲ್ಲ. ಇದರಲ್ಲಿ ಟೀ ಸ್ಟಾಲ್ ಅವರ ಮಾತೂ ಸ್ವಲ್ಪ ನಿಜ: ಲೇಖಕಿ ಹೆಸರು ಮೊದಲು ಓದ್ತಾರೆ, ಆಮೇಲೆ ಪುಸ್ತಕದ ಹೆಸರನ್ನ ಅದರ ಅಳತೆಗೆ ಕತ್ತರಿಸ್ತಾರೆ.

ನಿವೃತ್ತ ಮೇಷ್ಟ್ರು (ಮಾಲೂರು)

ತಾಯೀ, ಸರಿಯಾಗಿ ಹೇಳಿದಿರಿ. ಇದರ ಇನ್ನೊಂದು ಮಗ್ಗುಲೂ ಇದೆ. ಕೋಲಾರದಲ್ಲೇ ಹುಟ್ಟಿದ ಅನಕೃ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಎಂದು ವೇಶ್ಯಾ ಸಮಸ್ಯೆಯ ಮೇಲೆ ಬರೆದರು. ಅಶ್ಲೀಲ ಎಂದು ದೊಡ್ಡ ಗದ್ದಲ. ಉತ್ತರವಾಗಿ ಅವರು 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆಯಬೇಕಾಯಿತು. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯಲ್ಲಿ 'ನಗ್ನಸತ್ಯ'ವನ್ನು ಬೈಯುತ್ತಿದ್ದವರಲ್ಲಿ ಓದಿದವರು ಕಡಿಮೆ, ಹೆಸರು ಕೇಳಿದವರು ಜಾಸ್ತಿ. ಅದೇ ಅನಕೃ ಅವರ 'ಸಂಧ್ಯಾರಾಗ'ವನ್ನು ಮಾತ್ರ ಮದುವೆಗೆ ಉಡುಗೊರೆಯಾಗಿ ಕೊಡುತ್ತಿದ್ದರು. ಲೇಖಕರ ಹೆಸರೇ ಎಲ್ಲವೂ ಆಗಿದ್ದರೆ ಎರಡಕ್ಕೂ ಒಂದೇ ಮರ್ಯಾದೆ ಸಿಗಬೇಕಿತ್ತಲ್ಲ ಟೀ ಸ್ಟಾಲಿನವರೇ?

ಟಮಕ ಟೀ ಸ್ಟಾಲ್

ಈ ಒಂದು ಪಾಯಿಂಟು ಮೇಷ್ಟ್ರಿಗೆ.

ಬಂಗಾರಪೇಟೆ ಪ್ಯಾಸೆಂಜರ್

ದಿನಾ ಟ್ರೈನಲ್ಲಿ ಬೆಂಗಳೂರಿಗೆ ಹೋಗಿ ಬರೋನು. 'ಮಲೆಗಳಲ್ಲಿ ಮದುಮಗಳು' ಮುಗಿಸಿದ್ದು ಟ್ರೈನಲ್ಲೇ. ಎದುರು ಕೂತ ಅಂಕಲ್ ಹೆಸರು ಓದಿ, "ಮದುವೆ ಕಥೇನಾ?" ಅಂದ್ರು. ಹೌದು ಅನ್ನಬೇಕಾ, ಅಲ್ಲ ಅನ್ನಬೇಕಾ ಗೊತ್ತಾಗಲಿಲ್ಲ. ಹೆಸರಲ್ಲಿ ಇರೋದು ಒಬ್ಬಳೇ ಮದುಮಗಳು ಅಂದುಕೊಂಡು ಒಳಗೆ ಹೋದ್ರೆ ಕಾವೇರಿ, ಚಿನ್ನಮ್ಮ, ತಿಮ್ಮಿ, ಪೀಂಚಲು, ಸಾಲು ಸಾಲು. ಯಾರು ಆ ಮದುಮಗಳು ಅಂತ ನೂರಾರು ಪುಟ ಹುಡುಕಿದೆ. ಅದರ ಮೇಲೆ ಕುವೆಂಪು ಶುರುವಿನಲ್ಲೇ ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಬರೆದಿಟ್ಟಿದ್ದಾರೆ. ರಟ್ಟಿನ ಮೇಲೆ ಒಬ್ಬಳನ್ನ ತೋರಿಸಿ, ಒಳಪುಟದಲ್ಲಿ ಯಾರೂ ಮುಖ್ಯರಲ್ಲ ಅಂದ್ರೆ! ಬೇಕಂತಲೇ ಮಾಡಿದ್ದು ಅಂತ ನನಗನ್ನಿಸುತ್ತೆ. ಹುಡುಕ್ತಾ ಹುಡುಕ್ತಾ ಎಲ್ಲರನ್ನೂ ಸರಿಯಾಗಿ ನೋಡಿರ್ತೀವಿ.

ಅವರ ಮೊದಲ ಕಾದಂಬರಿ ಆಗ ಬಂದಿದ್ದು 'ಕಾನೂರು ಸುಬ್ಬಮ್ಮ ಹೆಗ್ಗಡಿತಿ' ಅಂತ, ಈಗ ನಮ್ಮ ಕೈಲಿರೋದು 'ಕಾನೂರು ಹೆಗ್ಗಡಿತಿ'. ಸುಬ್ಬಮ್ಮ ಇದ್ದಾಗ ಅದು ಒಬ್ಬ ಹೆಂಗಸಿನ ಕಥೆ ಅನ್ಸುತ್ತೆ. ಹೆಸರು ಬಿಟ್ಟರೆ ಆ ಮನೆ, ಆ ಪಟ್ಟ, ಅದರ ಗತ್ತು ಮುಂದೆ ಬರುತ್ತೆ. ಓದಿದ್ರೆ ಹೂವಯ್ಯನೇ ಜಾಸ್ತಿ ಜಾಗ ತಗೊಂಡಿರ್ತಾನೆ, ಅದು ಬೇರೆ ಮಾತು.

ಬಿಎ ಫೈನಲ್ (ಶ್ರೀನಿವಾಸಪುರ)

ನಮ್ಮ ಸಿಲಬಸ್ಸಲ್ಲಿ ಜೇನ್ ಆಸ್ಟೆನ್ ಇದ್ದಾರೆ. 'ಪ್ರೈಡ್ ಆ್ಯಂಡ್ ಪ್ರೆಜುಡಿಸ್'ಗೆ ಮೊದಲಿದ್ದ ಹೆಸರು 'ಫಸ್ಟ್ ಇಂಪ್ರೆಷನ್ಸ್'. 1797ರಲ್ಲಿ ಅವರಪ್ಪ ಪ್ರಕಾಶಕರಿಗೆ ಪತ್ರ ಬರೆದ್ರೆ ಓದೋಕೂ ಒಪ್ಪದೆ ವಾಪಸ್. ಹೊಸ ಹೆಸರಲ್ಲಿ ಬಂದಿದ್ದು 1813ರಲ್ಲಿ. ಈ ಚರ್ಚೆಗೆ ಹಳೇ ಹೆಸರೇ ಸರಿ ಹೋಗ್ತಿತ್ತು!

ಮತ್ತೆ 'ಘಾಚರ್ ಘೋಚರ್' ಯಾರೂ ಹೇಳಲಿಲ್ಲ? ಅರ್ಥವೇ ಇಲ್ಲದ ಹೆಸರು, ಡಿಕ್ಷನರೀಲಿ ಹುಡುಕಿದ್ರೆ ಸಿಗಲ್ಲ. ಒಂದು ಮನೆಯವರು ತಮಗೇ ಅಂತ ಮಾಡ್ಕೊಂಡ ಮಾತು ಅಂತ ಅರ್ಧದಲ್ಲಿ ಗೊತ್ತಾಗುತ್ತೆ. ಅಲ್ಲಿವರೆಗೂ ನಾವು ಹೊರಗಿನವರು, ಅದಾದ ಮೇಲೆ ಮನೆಯೊಳಗೆ. ಆಮೇಲೆ ಬಾಗಿಲು ಹಾಕ್ಕೊಂಡಂಗೆ ಅನ್ಸುತ್ತೆ. ಇಂಗ್ಲಿಷಿಗೆ ಹೋದಾಗಲೂ ಹೆಸರು ಮುಟ್ಟದೆ ಹಾಗೇ ಬಿಟ್ಟಿದ್ದಾರೆ.

ಚಾಂಪಿಯನ್ ರೀಫ್ (ಕೆಜಿಎಫ್)

ನಮ್ಮ ಕಷ್ಟ ಕೇಳಿ. ನಮ್ಮಪ್ಪ ಗಣಿಯಲ್ಲಿ ಶಿಫ್ಟ್ ಕೆಲಸ ಮಾಡಿದವರು, 2001ರಲ್ಲಿ ಗಣಿ ಮುಚ್ಚೋವರೆಗೂ. ಆ ಬದುಕಿನ ಬಗ್ಗೆ ಯಾರಾದ್ರೂ ಕಾದಂಬರಿ ಬರೆದ್ರೆ ಏನು ಹೆಸರಿಡ್ತಾರೆ? 'ಕೆಜಿಎಫ್' ಅನ್ನೋ ಮೂರಕ್ಷರವನ್ನ 2018ರಲ್ಲಿ ಸಿನಿಮಾ ತಗೊಂಡುಬಿಡ್ತು. ಈಗ ಅದನ್ನ ಓದಿದವರಿಗೆ ಕಿವಿಯಲ್ಲಿ ಬಿಜಿಎಂ ಶುರು, ಸುತ್ತಿಗೆ, ಗನ್ನು. ಒಳಗೆ ಕೇಜ್ ಅನ್ನೋ ಗಣಿ ಲಿಫ್ಟಲ್ಲಿ ಮೂರು ಕಿಲೋಮೀಟರ್ ಕೆಳಗೆ ಇಳಿಯೋ ಮನುಷ್ಯ, ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿ, ಅಂದ್ರೆ ಸೈನೈಡ್ ಗುಡ್ಡದ ಬಿಳಿ ಧೂಳು ಗಾಳಿಗೆದ್ದ ದಿನ ಒಗೆದ ಬಟ್ಟೆ ಒಳಗೆ ತರೋ ಅಮ್ಮ, ಇದೆಲ್ಲ ಇದ್ರೆ "ಏನ್ರೀ ಇದು, ಆ್ಯಕ್ಷನ್ನೇ ಇಲ್ಲ" ಅಂತಾರೆ. ಊರಿನ ಹೆಸರೇ ಊರಿನ ಕಥೆಗೆ ಇಡೋ ಹಾಗಿಲ್ಲ.

ಮಂಡಿ ಗುಮಾಸ್ತ (ಕೋಲಾರ)

ಎಲ್ಲರಿಗೂ ನಮಸ್ಕಾರ. ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ. ನನ್ನದೊಂದು ಕೇಸು ಇದೆ, ನೀವೇ ಹೇಳಬೇಕು.

ಎಪಿಎಂಸಿ ಟೊಮೆಟೊ ಮಂಡೀಲಿ ಲೆಕ್ಕ ಬರೀತೀನಿ. ರಾತ್ರಿ ಬರೆದು ಬರೆದು ಒಂದು ಕಾದಂಬರಿ ಆಗಿದೆ. ಅಪ್ಪ ಸಾಲ ಮಾಡಿ ಬೋರ್ ಮೇಲೆ ಬೋರ್ ಕೊರೆಸೋನು, ಮಗ ಮಂಡೀಲಿ ಗುಮಾಸ್ತ, ಮಗಳು ಮನೇಲಿ ಹಣ್ಣು ಆರಿಸೋಳು. ಅಪ್ಪನ ಬಾಕ್ಸನ್ನೇ ಮಗ ಒಂದಿನ ಕಮ್ಮಿ ರೇಟಿಗೆ ಚೀಟಿ ಬರೀಬೇಕಾಗುತ್ತೆ. ಕೆ.ಸಿ. ವ್ಯಾಲಿ ನೀರು ಊರ ಕೆರೆಗೆ ಬರೋದೂ ಇದೆ. ಹೆಸರು ಮಾತ್ರ ಆಗ್ತಿಲ್ಲ. ಬರೆದಿಟ್ಟಿರೋದು: 'ಕೆಂಪು ಕಣ್ಣೀರು', 'ಕೆ.ಸಿ. ವ್ಯಾಲಿ', 'ಹದಿನೈದು ಕೆಜಿ'. ಮಂಡೀಲಿ ಒಂದು ಬಾಕ್ಸ್ ಅಂದ್ರೆ ಹದಿನೈದು ಕೆಜಿ, ಅದಕ್ಕೆ.

ಹೂವಿನ ಮಾರ್ಕೆಟ್ (ಚಿಕ್ಕಬಳ್ಳಾಪುರ)

'ಕೆಂಪು ಕಣ್ಣೀರು' ಬೇಡಣ್ಣ. ರೈತ ನೇಣು ಹಾಕ್ಕೊಳ್ತಾನೆ ಅಂತ ಹೆಸರಲ್ಲೇ ಗೊತ್ತಾಗುತ್ತೆ. ಹಾಕ್ಕೊಳ್ಳದೇ ಇದ್ರೂ ಓದೋರು ಹಗ್ಗ ಹುಡುಕ್ತಾ ಕೂರ್ತಾರೆ.

ಬಂಗಾರಪೇಟೆ ಪ್ಯಾಸೆಂಜರ್

'ಕೆ.ಸಿ. ವ್ಯಾಲಿ' ಅಂದ್ರೆ ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಪೈಪಲ್ಲಿ ಬಿಡೋದು ಅಂತ ನಮಗೆ ಗೊತ್ತು. ಧಾರವಾಡದೋರಿಗೆ ಯಾವುದೋ ಗುಡ್ಡಗಾಡಿನ ಲವ್ ಸ್ಟೋರಿ ಥರ ಕೇಳುತ್ತೆ.

ಚಾಂಪಿಯನ್ ರೀಫ್ (ಕೆಜಿಎಫ್)

'ಹದಿನೈದು ಕೆಜಿ' ಸೂಪರ್. ಒಣಗಿದ ಹೆಸರು, ಅಳೋದಿಲ್ಲ, ಕೂಗೋದಿಲ್ಲ.

ಕ್ಯಾಲಿಕೋ ಬೈಂಡ್ (ಬಂಗಾರಪೇಟೆ)

ನಮ್ಮ ಲೈಬ್ರರೀಲಿ ಅದನ್ನ ಆರೋಗ್ಯ ವಿಭಾಗದಲ್ಲಿ ಇಡ್ತಾರೆ. ತೂಕ ಇಳಿಸೋ ಪುಸ್ತಕ ಅಂತ. ಬರೆದಿಟ್ಕೊಳ್ಳಿ.

ಅಂತರಗಂಗೆ (ಕೋಲಾರ)

ಇಟ್ಟರೂ ಇಡಲಿ ಸರ್. ಗುಮಾಸ್ತರೇ, ಒಂದು ಪ್ರಶ್ನೆ. ಓದುಗ ಮೊದಲ ಪುಟದಿಂದ ಯಾವುದಕ್ಕೆ ಕಾಯಬೇಕು ಅಂತ ನಿಮ್ಮಾಸೆ? ನೀರಿಗಾ, ಸಾಲಗಾರನಿಗಾ, ಮಗ ಚೀಟಿ ಬರೆಯೋ ಗಳಿಗೆಗಾ?

ಮಂಡಿ ಗುಮಾಸ್ತ (ಕೋಲಾರ)

ಚೀಟಿಗೇ ಮೇಡಂ. ಹರಾಜಲ್ಲಿ ರೇಟು ಕೂಗ್ತಾ ಕೂಗ್ತಾ ಒಂದು ಕಡೆ ನಿಲ್ಲುತ್ತಲ್ಲ, ಆಗ ಸುತ್ತ ನಿಂತ ರೈತರು ಯಾರೂ ಮುಖ ಎತ್ತಲ್ಲ, ಬಾಕ್ಸ್ ಮೇಲಿನ ಹಣ್ಣನ್ನ ಸುಮ್ನೆ ಒಂದ್ಸಲ ಒರೆಸ್ತಾರೆ. ಮಾರಾಟ ಆಗಿಹೋದ ಹಣ್ಣು ಅದು. ಇಡೀ ಪುಸ್ತಕ ಅಲ್ಲಿಗೆ ಬಂದು ನಿಲ್ಲಬೇಕು.

ಮುಳಬಾಗಿಲು ದೋಸೆ

ಹಾಗಾದ್ರೆ 'ಹರಾಜು' ಅಂತಲೇ ಇಡಬಹುದಲ್ಲ? ಮಗಳ ಮದುವೆ ಮಾತುಕತೇನೂ ಬರುತ್ತಾ ಅದರಲ್ಲಿ? ಬಂದ್ರೆ ಅಲ್ಲೂ ಹೊಂದುತ್ತೆ.

ಹೂವಿನ ಮಾರ್ಕೆಟ್ (ಚಿಕ್ಕಬಳ್ಳಾಪುರ)

ಹೊಂದುತ್ತೆ, ಅದೇ ತೊಂದರೆ. ಗಂಡಿನ ಕಡೆಯೋರು ಮನೆ ಮೆಟ್ಟಿಲು ಹತ್ತಿದ ಕೂಡಲೇ "ಓಹೋ, ಇದೂ ಹರಾಜು" ಅಂತ ಓದೋರು ಮುಂಚೇನೇ ಹೇಳಿಬಿಡ್ತಾರೆ. ನೀವು ಆ ದೃಶ್ಯ ಎಷ್ಟು ಚೆನ್ನಾಗಿ ಬರೆದರೂ ಹೆಸರು ಅದರ ಮೇಲೆ ಸೀಲ್ ಒತ್ತಿರುತ್ತೆ.

ನಿವೃತ್ತ ಮೇಷ್ಟ್ರು (ಮಾಲೂರು)

'ಕೆರೆ ತುಂಬಿತು' ಎಂಬುದು ನನ್ನ ಸಲಹೆ. ತುಂಬಿದ ಮೇಲೂ ಬದುಕು ತುಂಬಲಿಲ್ಲ ಎಂಬ ವ್ಯಂಗ್ಯ ಇರುತ್ತದೆ.

ಬಿಎ ಫೈನಲ್ (ಶ್ರೀನಿವಾಸಪುರ)

ಸಾರ್, ಅದು ವಾರ್ತಾ ಇಲಾಖೆ ಪುಸ್ತಕದ ಥರ ಇದೆ. ಕ್ಷಮಿಸಿ.

ಟಮಕ ಟೀ ಸ್ಟಾಲ್

ಲೇಖಕರ ಹೆಸರು ಯಾರಿಗೂ ಗೊತ್ತಿಲ್ಲದ ಮೊದಲ ಪುಸ್ತಕ, ಹೀಗಾಗಿ ಈ ಒಂದು ಕೇಸಲ್ಲಿ ಹೆಸರು ಮುಖ್ಯ. 'ಹದಿನೈದು ಕೆಜಿ'ಗೆ ನನ್ನ ಓಟು. ಮುಖಪುಟದಲ್ಲಿ ಖಾಲಿ ಬಾಕ್ಸ್ ಹಾಕಿಸಿ, ಹಣ್ಣು ಹಾಕಿಸಬೇಡಿ. ಹಣ್ಣು ಹಾಕಿಸಿದ್ರೆ ತೋಟಗಾರಿಕೆ ಪುಸ್ತಕ ಆಗುತ್ತೆ.

ಮಂಡಿ ಗುಮಾಸ್ತ (ಕೋಲಾರ)

ಸದ್ಯಕ್ಕೆ ಫೈಲಿಗೆ 'ಹದಿನೈದು ಕೆಜಿ' ಅಂತಲೇ ಹಾಕ್ಕೊಂಡಿದೀನಿ. 'ಹರಾಜು' ಬಗ್ಗೆ ಮನಸ್ಸು ಎಳೀತಾನೇ ಇದೆ, ಮದುವೆ ಮಾತುಕತೆ ಅಧ್ಯಾಯ ಇನ್ನೊಂದ್ಸಲ ಓದಿ ನೋಡ್ತೀನಿ. ಬೇರೆ ಒಂದು ತೊಡಕು: ಅಮ್ಮನ ಮಾತೆಲ್ಲ ನಮ್ಮ ಮನೆ ಥರ ತೆಲುಗು-ಕನ್ನಡ ಬೆರಕೆ. ಹಾಗೇ ಬಿಡಲಾ, ಕನ್ನಡ ಮಾಡಲಾ?

ಮುಳಬಾಗಿಲು ದೋಸೆ

ಹಾಗೇ ಬಿಡಿ, ಮುಟ್ಟಬೇಡಿ. ಆ ಅಧ್ಯಾಯಗಳನ್ನ ನನಗೆ ಕಳಿಸಿ, ಓದಿ ಹೇಳ್ತೀನಿ. ಈಗಲ್ಲ, ಮನೇಲಿ ಮಾವಿನ ಕೊಯ್ಲು ನಡೀತಿದೆ. ಅದು ಮುಗೀಲಿ.